ಯಂತ್ರ ನಡೆಸುವವರು ಯಾರು, ಬಿಚ್ಚುವವರು ಯಾರು? ರಾಜೇಶ್ವರಿ ಚಟರ್ಜಿ ಬದುಕು ಹೇಳುವ ಉತ್ತರ

ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಗೊತ್ತಾಗಿ, ಆಪ್ಷನ್ ಎಂಟ್ರಿ ಮಾಡುವ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಹುಡುಗಿಗೆ ಮೆಕ್ಯಾನಿಕಲ್ ಯಾಕೆ? ಎಲೆಕ್ಟ್ರಿಕಲ್ ಆದರೂ ಯಾಕೆ? ಕೂತು ಮಾಡುವ ಕೆಲಸ ಸಿಗುವ ಬ್ರಾಂಚ್ ಇದ್ದರೆ ಸಾಲದೆ? ಹೀಗೆ ಹೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಮಗಳ ಒಳಿತಿಗೇ ಹೇಳುತ್ತಾರೆ. ಆದರೆ ಆ ಮಾತಿನ ಅಡಿಯಲ್ಲಿ ಒಂದು ನಂಬಿಕೆ ಇದೆ: ಯಂತ್ರ, ತಂತಿ, ಸ್ಪ್ಯಾನರ್, ಸೋಲ್ಡರಿಂಗ್ ಇವೆಲ್ಲ ಹೆಣ್ಣುಮಕ್ಕಳಿಗೆ ಒಗ್ಗುವುದಿಲ್ಲ ಎಂಬುದು.

ಈ ನಂಬಿಕೆಯನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ನಮ್ಮ ಸುತ್ತಲೇ ನೋಡಿ. ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿನ ಮುಂದೆ ಕೂತು, ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಯನ್ನು ಹಿಡಿದು ಯಂತ್ರಕ್ಕೆ ಕೊಡುವವರಲ್ಲಿ ಹೆಂಗಸರು ಬಹಳ. ಗಾರ್ಮೆಂಟ್ಸ್‌ನಲ್ಲಿ ಸಾಲುಸಾಲು ಹೊಲಿಗೆ ಯಂತ್ರ ನಡೆಸುವವರು ಹೆಚ್ಚಾಗಿ ಹೆಂಗಸರೇ. ಕರೆಂಟು ಬಂದ ಕೂಡಲೇ ಗದ್ದೆ ಕಡೆ ನಡೆದು ಪಂಪ್‌ಸೆಟ್ ಸ್ಟಾರ್ಟರ್ ಒತ್ತುವ ಅಮ್ಮಂದಿರೂ ಬೇಕಾದಷ್ಟಿದ್ದಾರೆ. ಆದರೆ ಅದೇ ಹೊಲಿಗೆ ಯಂತ್ರ ಕೆಟ್ಟರೆ ಬಿಚ್ಚಲು ಬರುವವರು ಯಾರು? ಮೋಟಾರ್ ಸುಟ್ಟುಹೋದರೆ ರಿವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಕೂತಿರುವವರು ಯಾರು? ಬಹುಪಾಲು ಗಂಡಸರು.

ಅಂದರೆ ಅಂತರ ಇರುವುದು ಹೆಣ್ಣಿಗೂ ಯಂತ್ರಕ್ಕೂ ನಡುವೆ ಅಲ್ಲ. ಯಂತ್ರವನ್ನು ನಡೆಸುವುದಕ್ಕೂ ಅದನ್ನು ಬಿಚ್ಚಿ ನೋಡುವುದಕ್ಕೂ ನಡುವೆ. ಬಿಚ್ಚಿ ನೋಡುವ ಅವಕಾಶ ಸಿಕ್ಕ ಹುಡುಗಿ ಏನು ಮಾಡಬಲ್ಲಳು ಎಂಬುದಕ್ಕೆ ನಮ್ಮ ಪಕ್ಕದ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರ ಬದುಕೇ ಉತ್ತರ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸಲಾಗುತ್ತದೆ. ಮೈಕ್ರೋವೇವ್ ಎಂಜಿನಿಯರಿಂಗ್ ಎಂಬ ವಿಷಯ ನಮ್ಮ ದೇಶದಲ್ಲಿ ಬೇರೂರಲು ದುಡಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ.

ಅಜ್ಜಿ ಕಟ್ಟಿದ ಶಾಲೆ

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು. ತಂದೆ ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರು. ಆ ಕಾಲದಲ್ಲಿ ಸಂಸ್ಥಾನದ ಬಹುತೇಕ ಹೆಣ್ಣುಮಕ್ಕಳು ಶಾಲೆಯ ಮುಖ ನೋಡುತ್ತಿರಲಿಲ್ಲ. ನೋಡಿದವರೂ ಮದುವೆಯ ಮಾತು ಬಂದ ಕೂಡಲೇ ಪುಸ್ತಕ ಮುಚ್ಚುತ್ತಿದ್ದರು.

ಈ ಮನೆಯಲ್ಲಿ ಒಂದು ವ್ಯತ್ಯಾಸವಿತ್ತು. ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಗಂಡನನ್ನು ಕಳೆದುಕೊಂಡ, ಗಂಡ ಬಿಟ್ಟುಹೋದ ಹೆಂಗಸರು ಓದಿ ತಮ್ಮ ಕಾಲ ಮೇಲೆ ನಿಲ್ಲಬೇಕು ಎಂದು ದುಡಿದವರು. ಅವರು ಶುರುಮಾಡಿದ ಶಾಲೆಯಲ್ಲೇ ಮೊಮ್ಮಗಳ ಅಕ್ಷರಾಭ್ಯಾಸ ನಡೆಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ರಾಜೇಶ್ವರಿ ಬುದ್ಧಿವಂತೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟೇ ಬುದ್ಧಿವಂತ ಹುಡುಗಿಯರು ಅದೇ ಊರಿನ ಬೇರೆ ಬೀದಿಗಳಲ್ಲೂ ಇದ್ದಿರಲೇಬೇಕು. ಅವರ ಮನೆಗಳಲ್ಲಿ ಶಾಲೆ ಕಟ್ಟಿದ ಅಜ್ಜಿ ಇರಲಿಲ್ಲ. ಸಾಧಕರ ಕತೆ ಹೇಳುವಾಗ ನಾವು ಸಾಮಾನ್ಯವಾಗಿ ಬುದ್ಧಿ, ಛಲ ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುತ್ತೇವೆ. ಅಜ್ಜಿಯ ಶಾಲೆಯಂಥ ಏರ್ಪಾಡುಗಳು ಕತೆಯಿಂದ ಜಾರಿಹೋಗುತ್ತವೆ.

ಹೈಸ್ಕೂಲು ಮುಗಿಸುವ ಹೊತ್ತಿಗೆ ರಾಜೇಶ್ವರಿಯವರಿಗೆ ಇತಿಹಾಸದ ಮೇಲೂ ಮನಸ್ಸಿತ್ತು. ಕೊನೆಗೆ ಆರಿಸಿಕೊಂಡದ್ದು ವಿಜ್ಞಾನ ಮತ್ತು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿಎಸ್ಸಿ ಆನರ್ಸ್, ಆಮೇಲೆ ಎಂಎಸ್ಸಿ ಮಾಡಿದರು. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೆಸರಿನ ಬಹುಮಾನ, ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ, ವಾಲ್ಟರ್ಸ್ ಸ್ಮಾರಕ ಬಹುಮಾನ ಎಲ್ಲವೂ ಬಂದವು.

ಗಣಿತದಲ್ಲಿ ಇಷ್ಟು ಮುಂದಿದ್ದ ಹುಡುಗಿ ಅಲ್ಲಿಗೇ ನಿಲ್ಲಿಸಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಇದ್ದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ.

ಅದೇ ಸಂಸ್ಥೆ, ಹತ್ತು ವರ್ಷ ಮೊದಲು

1943ರಲ್ಲಿ ರಾಜೇಶ್ವರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗಕ್ಕೆ, ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಸೇರಿದ್ದು ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ.

ಈ ಹೆಜ್ಜೆ ಎಷ್ಟು ದೊಡ್ಡದು ಎಂದು ತಿಳಿಯಲು ಹತ್ತು ವರ್ಷ ಹಿಂದೆ ಹೋಗಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ (ಮದುವೆಯ ನಂತರ ಕಮಲಾ ಸೊಹೊನಿ) ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಅಂಕ ಪಡೆದು ಇದೇ ಸಂಸ್ಥೆಗೆ ಅರ್ಜಿ ಹಾಕಿದ್ದರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಮೊದಲು ಒಪ್ಪಲಿಲ್ಲ. ಕಮಲಾ ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲಿ, ಕೆಲಸ ಮೆಚ್ಚುಗೆಯಾದರೆ ಮಾತ್ರ ಮುಂದಿನದು ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಅದೇ ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ.

ಎಂಜಿನಿಯರಿಂಗ್ ಕತೆ ಇನ್ನೂ ನಿಧಾನ. ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿಗೆ 1940ರಲ್ಲಿ ಎ. ಲಲಿತಾ ಸೇರಿದರು. ಹದಿನೆಂಟಕ್ಕೇ ವಿಧವೆಯಾಗಿದ್ದ, ಕಂಕುಳಲ್ಲಿ ಹಸುಗೂಸಿದ್ದ ಹುಡುಗಿ. ತಂದೆ ಅದೇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರಾಧ್ಯಾಪಕರು. ಅವರು ಮಾತಾಡಿ ಅನುಮತಿ ಪಡೆದದ್ದರಿಂದ ಲಲಿತಾ ಒಳಗೆ ಬಂದರು. ಅವರ ಹಿಂದೆಯೇ ಇನ್ನಿಬ್ಬರು ಹುಡುಗಿಯರೂ ಬಂದರು. ಪದವಿ ಪತ್ರದಲ್ಲಿ ಗಂಡಸಿಗೆ ಹೊಂದುವ ಸರ್ವನಾಮ ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ಹೆಣ್ಣಿನ ಸರ್ವನಾಮ ಬರೆದು ಕೊಡಬೇಕಾಯಿತು. ಕಾಲೇಜು ಹೆಣ್ಣುಮಕ್ಕಳನ್ನು ನಿರೀಕ್ಷಿಸಿರಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಲಲಿತಾ ಅವರಿಗೆ ಅಪ್ಪ, ರಾಜೇಶ್ವರಿಯವರಿಗೆ ಅಜ್ಜಿ. ಮೊದಲ ಸಾಲಿನ ಈ ಹೆಣ್ಣುಮಕ್ಕಳ ಹಿಂದೆ ಒಳಗಿನಿಂದ ಚಿಲಕ ತೆಗೆದ ಒಬ್ಬರು ಇದ್ದರು.

ಮಳವಳ್ಳಿಯಿಂದ ಹೊರಟ ವಿದ್ಯುತ್ತು

ರಾಜೇಶ್ವರಿ ಸೇರಿದ ವಿಭಾಗದ ಹೆಸರು ಎಲೆಕ್ಟ್ರಿಕಲ್ ಟೆಕ್ನಾಲಜಿ. ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. 1911ರಲ್ಲಿ ಪಾಠ ಶುರುವಾದಾಗ ಮೊದಲಿಗೆ ಇದ್ದ ವಿಭಾಗಗಳಲ್ಲಿ ಇದೂ ಒಂದು. ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಆಗ ಹೊಸ ವಿಷಯವಾಗಿ ಉಳಿದಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. 1902ರಲ್ಲಿ ಅಲ್ಲಿನ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಕರೆಂಟು ಹರಿಯಿತು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದು ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು.

ಕಾವೇರಿಯ ನೀರು ಬಿದ್ದು ತಿರುಗಿಸಿದ ಚಕ್ರದಿಂದ ಸಂಸ್ಥಾನದ ಗಂಡುಮಕ್ಕಳಿಗೆ ಎಷ್ಟೋ ಹೊಸ ಕೆಲಸಗಳು ಹುಟ್ಟಿದವು: ಲೈನ್‌ಮನ್, ಫಿಟ್ಟರ್, ಓವರ್‌ಸಿಯರ್, ಎಂಜಿನಿಯರ್. ಹೆಸರುಗಳಲ್ಲೇ ನೋಡಿ, ಲೈನ್ ಜೊತೆಗೆ ಮ್ಯಾನ್ ಸೇರಿಕೊಂಡಿದೆ. ದೀಪ ಎಲ್ಲರ ಮನೆಗೂ ಬಂತು. ದೀಪದ ವಿದ್ಯೆ ಮಾತ್ರ ಅರ್ಧ ಜನಕ್ಕೆ ಬಂತು.

ರಾಜೇಶ್ವರಿ ಅಲ್ಲಿ ಹಿಡಿದದ್ದು ಸಂವಹನದ ದಾರಿ. ನಾನು ಓದಿದ ಸಂವಹನ ಪತ್ರಿಕೆ, ಮಾಧ್ಯಮ, ಜನರ ಮಾತಿನದು. ಅವರ ಸಂವಹನ ಬೇರೆ. ಮಾತನ್ನು, ಸಂಕೇತವನ್ನು ವಿದ್ಯುತ್ ಅಲೆಯಾಗಿಸಿ ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುವ ವಿದ್ಯೆ ಅದು. ರೇಡಿಯೊ, ರೇಡಾರ್, ಈಗಿನ ಮೊಬೈಲು ಎಲ್ಲವೂ ಅದರ ಮಕ್ಕಳು.

ಒಂದು ತಿಂಗಳ ಹಡಗು ಪ್ರಯಾಣ

ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ದೆಹಲಿಯಲ್ಲಿ ಮಧ್ಯಂತರ ಸರ್ಕಾರ ಬಂತು. ಸ್ವತಂತ್ರ ದೇಶಕ್ಕೆ ವಿಜ್ಞಾನಿಗಳು, ಎಂಜಿನಿಯರುಗಳು ಬೇಕು ಎಂಬ ಲೆಕ್ಕದಲ್ಲಿ ಚುರುಕಾದ ಯುವಜನರನ್ನು ವಿದೇಶಕ್ಕೆ ಕಳುಹಿಸಲು ವಿದ್ಯಾರ್ಥಿವೇತನ ಪ್ರಕಟವಾಯಿತು. ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ರಾಜೇಶ್ವರಿ ಅರ್ಜಿ ಹಾಕಿದರು. 1946ರಲ್ಲಿ ಆಯ್ಕೆಯಾದರು. ಓದು ಮುಗಿಸಿ ಬಂದ ಮೇಲೆ ಮೂರು ವರ್ಷ ದೇಶದಲ್ಲೇ ಕೆಲಸ ಮಾಡಬೇಕು ಎಂಬುದು ಕರಾರು.

1947ರಲ್ಲಿ ಹೊರಟರು. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿದ್ದ ಹಡಗೊಂದನ್ನು ಪ್ರಯಾಣಿಕರಿಗೆ ಬದಲಾಯಿಸಿದ್ದರು. ಅದರಲ್ಲಿ ಸುಮಾರು ಮೂವತ್ತು ದಿನದ ಪ್ರಯಾಣ. ಸೀರೆಯುಟ್ಟ, ಇಪ್ಪತ್ತೈದು ದಾಟಿದ, ಮದುವೆಯಾಗದ ಹುಡುಗಿ ಒಬ್ಬಳೇ ಸಮುದ್ರ ದಾಟಿ ಹೋಗುವುದು ಆಗಿನ ನೆಂಟರಿಷ್ಟರ ಬಾಯಿಗೆ ಎಷ್ಟು ಮಾತು ಕೊಟ್ಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಹೋದದ್ದು ಅಮೆರಿಕದ ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯಕ್ಕೆ. ಆ ವಿಶ್ವವಿದ್ಯಾಲಯದಲ್ಲಿ ಒಂದು ವಿಶೇಷವಿತ್ತು. ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನ ಅಲ್ಲಿತ್ತು. ನಮ್ಮ ಪ್ರಸಿದ್ಧ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಕಾಲು ಶತಮಾನದ ಹಿಂದೆ ಇದೇ ವೇತನದಲ್ಲಿ ಅಲ್ಲಿ ಓದಿದ್ದರು. ಅದು ರಾಜೇಶ್ವರಿಯವರಿಗೂ ಸಿಕ್ಕಿತು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ನಂತರ ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೊ ಆವರ್ತನಗಳನ್ನು ಅಳೆಯುವ ಕೆಲಸ ಕಲಿತರು. 1949ರಲ್ಲಿ ಮತ್ತೆ ಆನ್ ಆರ್ಬರ್. ಪ್ರೊಫೆಸರ್ ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ 1953ರ ಆರಂಭದಲ್ಲಿ ಪಿಎಚ್‌ಡಿ.

ಆ ಎಂಟು ತಿಂಗಳ ತರಬೇತಿಯನ್ನು ಓದುಗರು ಮರೆಯಬಾರದು. ಅಲ್ಲಿಯವರೆಗೆ ಅವರ ಬಲ ಕಾಗದದ ಮೇಲಿನ ಗಣಿತ. ಅಲ್ಲಿ ಉಪಕರಣ ಕೈಗೆ ಬಂತು. ಗಣಿತ ಗೊತ್ತಿದ್ದವರಿಗೆ ಉಪಕರಣವೂ ಒಗ್ಗುತ್ತದೆ, ಮುಟ್ಟಲು ಬಿಟ್ಟರೆ.

ಕೊಳವೆಯಲ್ಲಿ ಹರಿಯುವ ಅಲೆ

ಅವರು ಜೀವಮಾನ ಕಳೆದ ಮೈಕ್ರೋವೇವ್ ಎಂದರೇನು? ಅಡುಗೆಮನೆಯ ಓವನ್ ನೆನಪಾದರೆ ತಪ್ಪಿಲ್ಲ, ಆದರೆ ಅದು ಆ ಕುಟುಂಬದ ಒಬ್ಬ ಸದಸ್ಯ ಮಾತ್ರ.

ರೇಡಿಯೊ ಅಲೆಗಳಲ್ಲಿ ತುಂಬ ಗಿಡ್ಡ ಅಲೆಗಳಿಗೆ ಮೈಕ್ರೋವೇವ್ ಎನ್ನುತ್ತಾರೆ. ಒಂದು ಅಲೆಯ ಉದ್ದ ಸುಮಾರು ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಇರಬಹುದು. ಸೆಕೆಂಡಿಗೆ 30 ಕೋಟಿಯಿಂದ 30,000 ಕೋಟಿ ಸಲ ಕಂಪಿಸುವ ಅಲೆಗಳಿವು. ಮನೆಯ ವೈಫೈ, ಮೊಬೈಲು, ಉಪಗ್ರಹ, ವಿಮಾನವನ್ನು ದೂರದಿಂದಲೇ ಪತ್ತೆ ಹಚ್ಚುವ ರೇಡಾರ್ ಎಲ್ಲ ನಡೆಯುವುದು ಇವುಗಳಿಂದ. ಜಗದೀಶ ಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಇಂಥ ಅಲೆಗಳ ಮೇಲೆ ಪ್ರಯೋಗ ಮಾಡಿದ್ದರು. ಯುದ್ಧಕಾಲದ ರೇಡಾರ್‌ನಿಂದಾಗಿ ಈ ವಿದ್ಯೆ ಒಮ್ಮೆಗೇ ಬೆಳೆಯಿತು.

ಇಷ್ಟು ವೇಗವಾಗಿ ಕಂಪಿಸುವ ಅಲೆಯನ್ನು ಮಾಮೂಲಿ ತಂತಿಯಲ್ಲಿ ಕಳುಹಿಸಿದರೆ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಅದಕ್ಕೇ ಟೊಳ್ಳಾದ ಲೋಹದ ಕೊಳವೆ ಬಳಸುತ್ತಾರೆ. ಇದರ ಹೆಸರು ವೇವ್‌ಗೈಡ್. ನಾಲೆಯಲ್ಲಿ ನೀರು ಹರಿದ ಹಾಗೆ ಅಲೆ ಅದರೊಳಗೆ ಹರಿಯುತ್ತದೆ. ನಾಲೆಯ ಅಗಲ, ಆಳ ಸರಿಯಿಲ್ಲದಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ ಎಂಬುದು ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನವರಿಗೆ ಹೇಳಿಕೊಡಬೇಕಿಲ್ಲ. ಇಲ್ಲೂ ಹಾಗೆಯೇ. ಕೊಳವೆಯ ಅಳತೆ ಅಲೆಯ ಉದ್ದಕ್ಕೆ ಹೊಂದಬೇಕು. ಕೊಳವೆ ತೀರ ಕಿರಿದಾದರೆ ಅಲೆ ಒಳಗೆ ಸಾಗುವುದೇ ಇಲ್ಲ.

ಕೊಳವೆಯ ತುದಿಯಿಂದ ಅಲೆಯನ್ನು ಬಯಲಿಗೆ ಬಿಡುವ ಸಾಧನ ಆಂಟೆನಾ. ರಾಜೇಶ್ವರಿಯವರ ಕೆಲಸದಲ್ಲಿ ದೊಡ್ಡ ಪಾಲು ಇದರದ್ದು. ಪ್ಲಾಸ್ಟಿಕ್‌ನಂಥ, ವಿದ್ಯುತ್ತು ಹರಿಯದ ವಸ್ತುವಿನ ಸರಳು ಕೂಡ ಅಲೆಗೆ ದಾರಿ ತೋರಿಸಬಲ್ಲದು. ಇದಕ್ಕೆ ಡೈಎಲೆಕ್ಟ್ರಿಕ್ ಆಂಟೆನಾ ಎಂದು ಹೆಸರು. ಈ ವಿಷಯದ ಮೇಲೆ ಅವರು ಪುಸ್ತಕವನ್ನೇ ಬರೆದರು. ಇಂಥ ಸರಳಿನ ದಪ್ಪ ಎಷ್ಟಿರಬೇಕು, ಯಾವ ದಿಕ್ಕಿಗೆ ಎಷ್ಟು ಶಕ್ತಿ ಹೋಗುತ್ತದೆ ಎಂಬುದನ್ನು ಮೊದಲು ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಲೆಕ್ಕ ಹಾಕಬೇಕು, ಆಮೇಲೆ ಪ್ರಯೋಗದಲ್ಲಿ ಅಳೆದು ತಾಳೆ ನೋಡಬೇಕು. ಗಣಿತದ ಎಂಎಸ್ಸಿ ಮತ್ತು ವಾಷಿಂಗ್ಟನ್‌ನ ಅಳತೆಯ ತರಬೇತಿ ಎರಡೂ ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬಂದವು.

ಪ್ರಯೋಗಾಲಯ ಮತ್ತು ಮನೆ

1953ರಲ್ಲಿ ದೇಶಕ್ಕೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ವಿದ್ಯುತ್ಕಾಂತೀಯ ಸಿದ್ಧಾಂತ, ಎಲೆಕ್ಟ್ರಾನ್ ಕೊಳವೆಗಳ ಸರ್ಕ್ಯೂಟು, ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ಅದೇ ವರ್ಷ ಅದೇ ವಿಭಾಗದ ಅಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ನಂಜನಗೂಡಿನ ಹುಡುಗಿಗೂ ಬಂಗಾಳಿ ಹುಡುಗನಿಗೂ ಮದುವೆ. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ಭಾರತದಲ್ಲಿ ಆ ಕ್ಷೇತ್ರದ ಮೊದಲ ಸಂಶೋಧನಾ ಪ್ರಯೋಗಾಲಯ ಎಂದು ಅದನ್ನು ಗುರುತಿಸಲಾಗುತ್ತದೆ.

ಸಮಯ ಎಂಥದ್ದು ನೋಡಿ. 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ಆಮೇಲೆ ರೇಡಾರ್ ಅಭಿವೃದ್ಧಿಗೂ ರಕ್ಷಣಾ ಸಂಶೋಧನಾಲಯವೊಂದು ಬಂತು. ಹೊಸ ದೇಶಕ್ಕೆ ಮೈಕ್ರೋವೇವ್ ಬಲ್ಲವರು ಬೇಕಾಗಿದ್ದ ಕಾಲದಲ್ಲೇ ಅಂಥವರನ್ನು ತಯಾರು ಮಾಡುವ ತರಗತಿಯಲ್ಲಿ ಒಬ್ಬ ಹೆಂಗಸು ನಿಂತು ಪಾಠ ಹೇಳುತ್ತಿದ್ದರು.

ಮುಂದಿನ ಮೂರು ದಶಕಗಳ ಲೆಕ್ಕ ಹೀಗಿದೆ: ಅವರ ಕೈಕೆಳಗೆ 20 ಮಂದಿ ಪಿಎಚ್‌ಡಿ ಮಾಡಿದರು. 100ಕ್ಕೂ ಹೆಚ್ಚು ಸಂಶೋಧನಾ ಲೇಖನಗಳು, 7 ಪುಸ್ತಕಗಳು ಪ್ರಕಟವಾದವು. ಪ್ರಾಧ್ಯಾಪಕಿಯಾಗಿ, ಕೊನೆಗೆ ವಿಭಾಗದ ಮುಖ್ಯಸ್ಥೆಯಾದರು. ಬ್ರಿಟನ್ನಿನ ರೇಡಿಯೊ ಎಂಜಿನಿಯರುಗಳ ಸಂಸ್ಥೆಯಿಂದ ಮೌಂಟ್‌ಬ್ಯಾಟನ್ ಪ್ರಶಸ್ತಿ, ಭಾರತದ ಎಂಜಿನಿಯರುಗಳ ಸಂಸ್ಥೆಯಿಂದ ಜೆ.ಸಿ. ಬೋಸ್ ಸ್ಮಾರಕ ಪ್ರಶಸ್ತಿ, ಸಂಶೋಧನೆ ಮತ್ತು ಬೋಧನೆಗೆ ರಾಮ್‌ಲಾಲ್ ವಧ್ವಾ ಪ್ರಶಸ್ತಿ ಬಂದವು.

ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಬಾಗಿಲು ತೆರೆದದ್ದು 1962ರಲ್ಲಿ. ಅಷ್ಟರಲ್ಲಿ ರಾಜೇಶ್ವರಿ ಒಂಬತ್ತು ವರ್ಷ ಎಂಜಿನಿಯರಿಂಗ್ ಕಲಿಸಿಯಾಗಿತ್ತು. ಅಂದರೆ ಹೆಣ್ಣಿಗೆ ಎಂಜಿನಿಯರಿಂಗ್ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಆ ಕಾಲೇಜು ಹುಟ್ಟುವ ಮೊದಲೇ ಉತ್ತರ ಸಿಕ್ಕಿತ್ತು.

ಒಬ್ಬರ ಕತೆ ಸಾಕೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರಬಹುದು. ಎಲ್ಲೋ ಒಬ್ಬರು ಅಸಾಧಾರಣರು ಸಾಧಿಸಿದರು, ಅದರಿಂದ ಎಲ್ಲ ಹುಡುಗಿಯರ ಬಗ್ಗೆ ಏನು ಹೇಳಲು ಸಾಧ್ಯ? ಸರಿ, ಒಬ್ಬರನ್ನು ಬಿಟ್ಟು ಲಕ್ಷಾಂತರ ಮಂದಿಯನ್ನು ನೋಡೋಣ.

2008ರಲ್ಲಿ ಮನೋವಿಜ್ಞಾನಿ ಜಾನೆಟ್ ಹೈಡ್ ಮತ್ತು ಸಂಗಡಿಗರು ಅಮೆರಿಕದ 70 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ಗಣಿತ ಪರೀಕ್ಷೆಯ ಅಂಕಗಳನ್ನು ಹೋಲಿಸಿದರು. ಹುಡುಗರು, ಹುಡುಗಿಯರ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಮ್ಮ ಪಿಯುಸಿ ಫಲಿತಾಂಶದಲ್ಲಂತೂ ಪ್ರತಿವರ್ಷ ಹುಡುಗಿಯರೇ ಮೇಲುಗೈ ಎಂಬ ಸುದ್ದಿ ಹಳತಾಗಿದೆ.

ಒಂದು ವ್ಯತ್ಯಾಸ ನಿಜವಾಗಿಯೂ ಕಂಡುಬರುತ್ತದೆ. ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ಅದು ಇನ್ನೊಂದು ಬದಿಯಿಂದ ಹೇಗೆ ಕಾಣುತ್ತದೆ ಎಂದು ಊಹಿಸುವ ಪರೀಕ್ಷೆಯಲ್ಲಿ ಗಂಡುಮಕ್ಕಳ ಸರಾಸರಿ ಹೆಚ್ಚು. ಆದರೆ ಈ ಸಾಮರ್ಥ್ಯ ಅಭ್ಯಾಸದಿಂದ ಬೆಳೆಯುತ್ತದೆ, ಹಾಗೆ ಬೆಳೆದದ್ದು ಉಳಿಯುತ್ತದೆ ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2013ರಲ್ಲಿ ತೋರಿಸಿತು. ಚಿಕ್ಕಂದಿನಿಂದ ಸೈಕಲ್ ಬಿಚ್ಚಿ ಜೋಡಿಸಿದವರಿಗೆ ಆ ಅಭ್ಯಾಸ ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಸೈಕಲ್ ಮುಟ್ಟಬೇಡ, ಕೈ ಕೊಳೆಯಾಗುತ್ತದೆ ಎಂದು ಕೇಳಿ ಬೆಳೆದವರಿಗೆ ಸಿಕ್ಕಿರುವುದಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಅಮೆರಿಕದ ಕಂಪ್ಯೂಟರ್ ಸೈನ್ಸ್ ಅಂಕಿಅಂಶದಲ್ಲಿದೆ. 1980ರ ದಶಕದ ನಡುವೆ ಅಲ್ಲಿ ಆ ಪದವಿ ಪಡೆಯುವವರಲ್ಲಿ ಮಹಿಳೆಯರು ಸುಮಾರು ಶೇ 37ರಷ್ಟಿದ್ದರು. 2010ರ ಹೊತ್ತಿಗೆ ಅದು ಶೇ 18ರ ಆಸುಪಾಸಿಗೆ ಕುಸಿಯಿತು. ಇಪ್ಪತ್ತೈದು ವರ್ಷದಲ್ಲಿ ಹೆಣ್ಣಿನ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಬೇರೆ. ಆ ಅವಧಿಯಲ್ಲಿ ಮನೆಗಳಿಗೆ ಕಂಪ್ಯೂಟರ್ ಬಂತು. ಜಾಹೀರಾತುಗಳು ಅದನ್ನು ಹುಡುಗರ ಆಟಿಕೆಯಂತೆ ಮಾರಿದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಶರ್ ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ, ಕಂಪ್ಯೂಟರ್ ಅನೇಕ ಮನೆಗಳಲ್ಲಿ ಮಗನ ಕೋಣೆಯಲ್ಲೇ ಇತ್ತು ಎಂಬುದು ತಿಳಿಯಿತು. ಕಾಲೇಜಿಗೆ ಬರುವಾಗ ಹುಡುಗರಿಗೆ ವರ್ಷಗಳ ಹವ್ಯಾಸವಿತ್ತು. ಹುಡುಗಿಯರು ಅದನ್ನು ಪ್ರತಿಭೆ ಎಂದು ತಿಳಿದು ಹಿಂಜರಿದರು. ಮೊದಲೇ ಪ್ರೋಗ್ರಾಮಿಂಗ್ ಬರಬೇಕೆಂಬ ನಿರೀಕ್ಷೆ ಬಿಟ್ಟು, ಪಾಠಕ್ರಮ ಬದಲಿಸಿದ ಮೇಲೆ 1995ರಲ್ಲಿ ಶೇ 7 ಇದ್ದ ಹುಡುಗಿಯರ ಪ್ರವೇಶ 2000ಕ್ಕೆ ಶೇ 42ಕ್ಕೆ ಏರಿತು.

ನಮ್ಮ ಐಐಟಿಗಳಲ್ಲೂ ಹೀಗೆಯೇ. 2016ರಲ್ಲಿ ಹೊಸದಾಗಿ ಸೇರಿದವರಲ್ಲಿ ಹುಡುಗಿಯರು ಸುಮಾರು ಶೇ 8. 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಸೇರಿಸಿದ ಮೇಲೆ ಎರಡು ಮೂರು ವರ್ಷದಲ್ಲಿ ಶೇ 20ರ ಹತ್ತಿರ ಬಂತು. ದೇಶದ ಒಟ್ಟು ಎಂಜಿನಿಯರಿಂಗ್ ಪದವಿ ವಿದ್ಯಾರ್ಥಿಗಳಲ್ಲಿ ಹುಡುಗಿಯರ ಪಾಲು 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಸುಮಾರು ಶೇ 29. ಏರ್ಪಾಡು ಬದಲಾದಾಗ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಹುಟ್ಟುಗುಣ ಹೀಗೆ ವರ್ತಿಸುವುದಿಲ್ಲ.

ಹವ್ಯಾಸ ಎಂಬ ಮೊದಲ ಪಾಠಶಾಲೆ

ತಂತ್ರಜ್ಞಾನದ ಕೆಲಸ ಕಾಲೇಜಿನಲ್ಲಿ ಶುರುವಾಗುವುದಿಲ್ಲ, ಹವ್ಯಾಸದಲ್ಲಿ ಶುರುವಾಗುತ್ತದೆ. ಹಳೆ ರೇಡಿಯೊ ಬಿಚ್ಚುವುದು, ಬೈಕಿನ ಕಾರ್ಬೊರೇಟರ್ ತೊಳೆಯುವುದು, ಡ್ರೋನ್ ಜೋಡಿಸುವುದು. ಇದಕ್ಕೆ ಬೇಕಾಗುವುದು ಮೂರು: ಕೆಡಿಸಿದರೂ ಪರವಾಗಿಲ್ಲ ಎನ್ನುವ ಒಂದು ಸಾಮಾನು, ಬಿಡುವಿನ ಹೊತ್ತು, ಹೋಗಿ ಕೂರಲು ಒಂದು ಜಾಗ. ರಿಪೇರಿ ಅಂಗಡಿಯ ಮುಂದಿನ ಬೆಂಚು ನಮ್ಮ ಊರುಗಳ ಗಂಡುಹುಡುಗರಿಗೆ ಇಂಥ ಜಾಗ. ಸಂಜೆ ಆರಕ್ಕೆ ಮನೆ ಸೇರಿ, ಪಾತ್ರೆ ತೊಳೆಯಲು ಕೈಜೋಡಿಸಬೇಕಾದ ಹುಡುಗಿಗೆ ಮೂರೂ ಸಿಗುವುದಿಲ್ಲ.

ಹವ್ಯಾಸ ಎಷ್ಟು ಗಂಭೀರ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಹ್ಯಾಮ್ ರೇಡಿಯೊ ಒಳ್ಳೆಯ ಉದಾಹರಣೆ. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಹವ್ಯಾಸಿ ಭಾರತಿ ಪ್ರಸಾದ್ ತಮ್ಮ ತಂಡದೊಡನೆ ಅಂಡಮಾನ್‌ಗೆ ಹೋಗಿದ್ದರು. ಸುನಾಮಿ ಬಡಿದು ದ್ವೀಪಗಳ ಟೆಲಿಫೋನ್ ಸಂಪರ್ಕ ಕಡಿದಾಗ ಅವರ ರೇಡಿಯೊ ಕೇಂದ್ರವೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿತು. ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ಕಾಯುತ್ತಿದ್ದವರಿಗೆ ಆ ದಿನ ಹವ್ಯಾಸಿಯ ಹೆಸರು ಹೆಣ್ಣೋ ಗಂಡೋ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ನಿವೃತ್ತಿಯ ನಂತರದ ಕೆಲಸ

1982ರಲ್ಲಿ ರಾಜೇಶ್ವರಿ ಚಟರ್ಜಿ ನಿವೃತ್ತರಾದರು. ಅಲ್ಲಿಗೆ ಕತೆ ಮುಗಿಯಬಹುದಿತ್ತು. ಪ್ರಶಸ್ತಿಗಳಿದ್ದವು, ಶಿಷ್ಯರಿದ್ದರು, ಮಗಳು ಕೂಡ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕಿಯಾದರು.

ಅವರು ಮಾತ್ರ ಮಹಿಳಾ ಅಧ್ಯಯನದ ಭಾರತೀಯ ಸಂಘದ ಜೊತೆ ಸೇರಿ ಕೆಲಸಕ್ಕೆ ಇಳಿದರು. ಆಂಟೆನಾ ಬಗ್ಗೆ ಬರೆಯುತ್ತಿದ್ದ ಕೈ ಈಗ ಹೆಂಗಸರ ಬದುಕಿನ ಬಗ್ಗೆ ಬರೆಯಿತು. ತಮ್ಮ ಕುಟುಂಬದ ಮತ್ತು ತಾವು ಕಂಡ ಹೆಂಗಸರ ಕತೆಗಳನ್ನು ಪುಸ್ತಕಗಳಲ್ಲಿ ದಾಖಲಿಸಿದರು. ಹೈಸ್ಕೂಲಿನಲ್ಲಿ ಬಿಟ್ಟುಬಂದ ಇತಿಹಾಸಕ್ಕೆ ಅರವತ್ತರ ನಂತರ ಮರಳಿದಂತಾಯಿತು. ಗಂಡ ಬಿಟ್ಟುಹೋದ, ಗಂಡನನ್ನು ಕಳೆದುಕೊಂಡ ಹೆಂಗಸರಿಗಾಗಿ ದುಡಿದ ಅಜ್ಜಿಯ ಕೆಲಸಕ್ಕೂ ಇದಕ್ಕೂ ನಂಟು ಕಾಣದಿರದು. 1994ರಲ್ಲಿ ಪತಿ ತೀರಿಕೊಂಡರು. 2010ರ ಸೆಪ್ಟೆಂಬರ್ 3ರಂದು, 88ನೆಯ ವಯಸ್ಸಿನಲ್ಲಿ, ರಾಜೇಶ್ವರಿ ನಿಧನರಾದರು.

ಈ ಬದುಕನ್ನು ಒಬ್ಬ ಮಹಾ ಪ್ರತಿಭಾವಂತೆಯ ಕತೆ ಎಂದಷ್ಟೇ ಓದಿದರೆ ನಮಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಒಂದು ಶಾಲೆ, ಗಣಿತದ ರ‍್ಯಾಂಕನ್ನು ಲೆಕ್ಕಕ್ಕೆ ಹಿಡಿದ ಒಂದು ವಿಭಾಗ, ಎರಡು ವಿದ್ಯಾರ್ಥಿವೇತನ, ಉಪಕರಣ ಮುಟ್ಟಲು ಬಿಟ್ಟ ಎಂಟು ತಿಂಗಳು: ಇಷ್ಟೂ ಒದಗಿದಾಗ ನಂಜನಗೂಡಿನ ಹುಡುಗಿಯೊಬ್ಬಳು ಏನಾದಳು ಎಂಬ ಪಟ್ಟಿಯಾಗಿ ಓದಿದರೆ ಉಪಯೋಗವಿದೆ. ಆ ಪಟ್ಟಿಯಲ್ಲಿ ಕೆಲವನ್ನು ಸರ್ಕಾರ ಮಾಡಬೇಕು, ಕೆಲವನ್ನು ಕಾಲೇಜು ಮಾಡಬೇಕು. ಒಂದೆರಡನ್ನು ಮನೆಯಲ್ಲೇ ಮಾಡಬಹುದು.

ಮುಂದಿನ ಸಲ ಮಿಕ್ಸಿ ಕೆಟ್ಟಾಗ ಪ್ಲಗ್ ಕಿತ್ತು, ಸ್ಕ್ರೂಡ್ರೈವರನ್ನು ಮಗನ ಕೈಗೆ ಕೊಡುವಂತೆ ಮಗಳ ಕೈಗೂ ಕೊಡಿ. ಸರಿಯಾಗದಿದ್ದರೆ ಹೇಗೂ ಅಂಗಡಿಗೆ ಒಯ್ಯಬೇಕಾದದ್ದೇ. ಆಪ್ಷನ್ ಎಂಟ್ರಿಯ ದಿನ ಯಾವ ಬ್ರಾಂಚ್ ಬೇಕು ಎಂದು ಮೊದಲು ಅವಳನ್ನೇ ಕೇಳಿ.